ಉಡುವುದು ಯಾರ ಇಚ್ಛೆ?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಗಾದೆಯನ್ನು ವೇದಕ್ಕೆ ಸಮಾನವೆಂದು ನಂಬಿದ ಮನೆಯಲ್ಲಿಯೇ ನಾವು ಬೆಳೆದವರಾದರೂ ಈ ಒಂದು ಮಾತಿಗೆ ಮಾತ್ರ ನಮ್ಮ ಮನಸ್ಸು ಎಂದೂ ಒಡಂಬಟ್ಟಿಲ್ಲ. ಇದನ್ನು ಮೊದಲು ಆಡಿದವರು ಗಂಡಸರೇ ಇದ್ದಿರಬೇಕೆಂದು ನಮ್ಮ ಗುಮಾನಿ. ಪರರು ಎಂದರೆ ಯಾರು? ಅತ್ತೆಯೆ, ನಾದಿನಿಯೆ, ಎದುರು ಮನೆಯಾಕೆಯೆ, ಜವಳಿ ಅಂಗಡಿಯ ಗುಮಾಸ್ತನೆ? ಇವರಲ್ಲಿ ಒಬ್ಬೊಬ್ಬರ ಇಚ್ಛೆ ಒಂದೊಂದು ಬಗೆ. ಎಲ್ಲರ ನೋಟಕ್ಕೂ ಒಪ್ಪುವಂತೆ ಉಡಹೊರಟ ಹೆಂಗಸು ದಿನಕ್ಕೆ ಹತ್ತು ಸಲ ಸೀರೆ ಬದಲಿಸಬೇಕಾದೀತು.

ಮದುವೆಗೆ ಹೊರಡುವ ಬೆಳಿಗ್ಗೆ ಸೀರೆಗಳು ತುಂಬಿ ತುಳುಕುವ ಬೀರುವಿನ ಮುಂದೆ ನಿಂತು ಗೃಹಿಣಿಯು “ಉಡಲಿಕ್ಕೆ ಒಂದೂ ಇಲ್ಲ” ಎನ್ನುತ್ತಾಳೆ. ಮನೆಯ ಯಜಮಾನರು ನಗುತ್ತಾರೆ. ಪತ್ರಿಕೆಗಳ ವ್ಯಂಗ್ಯಚಿತ್ರಕಾರರಿಗೂ ಇದೊಂದು ಮುಗಿಯದ ಬಂಡವಾಳ. ಆದರೆ ಆಕೆ ಆಡಿದ ಮಾತು ಸತ್ಯವಾದುದೆಂದೇ ನಾವು ಹೇಳುತ್ತೇವೆ. ಆ ಬೀರುವಿನಲ್ಲಿರುವ ನಲವತ್ತು ಸೀರೆಗಳಲ್ಲಿ ಒಂದು, ಓರಗಿತ್ತಿಯು ಅಂಥದ್ದನ್ನೇ ಕೊಂಡಳೆಂದು ಕೊಂಡದ್ದು. ಒಂದು, ಆಷಾಢದ ರಿಯಾಯಿತಿಯಲ್ಲಿ ಅಗ್ಗವಾಯಿತೆಂದು ತಂದದ್ದು. ಒಂದು, ಚಲನಚಿತ್ರದ ನಟಿಯ ಮೈಮೇಲೆ ಕಂಡದ್ದು. ನಾಲ್ಕೈದು, ಯಾರೋ ಉಡುಗೊರೆಯಾಗಿ ಕೊಟ್ಟು ಮುಂದೆ ಯಾರಿಗೋ ಉಡುಗೊರೆಯಾಗಿ ಹೋಗಲು ಕಾದಿರುವವು. ಒಂದೊಂದು ಸೀರೆಯಲ್ಲಿಯೂ ಒಬ್ಬೊಬ್ಬರ ಇಚ್ಛೆಯಿದೆ. ಆಕೆಯದೆಂಬುದು ಮಾತ್ರ ಯಾವುದರಲ್ಲಿಯೂ ಇಲ್ಲ. ಹೀಗಿರುವಲ್ಲಿ ಉಡಲಿಕ್ಕೆ ಇಲ್ಲವೆಂದರೆ ತಪ್ಪೇನು?

ತನ್ನದೆಂಬ ಉಡುಗೆ ಎಂದರೆ ಏನೆಂಬುದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮ ಸೋದರತ್ತೆಯೊಬ್ಬರು ಧಾರವಾಡದ ಕಡೆಯ ಒಂದು ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿಯಾಗಿದ್ದರು. ಅವರ ಟ್ರಂಕಿನಲ್ಲಿ ಎಲ್ಲ ಸೇರಿ ಒಂಬತ್ತು ಸೀರೆಗಳು. ಅವುಗಳಲ್ಲಿ ಆರು ಇಳಕಲ್ ಸೀರೆಗಳು, ಆರೂ ಕಡುನೀಲಿ; ಅಂಚಿನಲ್ಲಿ ಮಾತ್ರ ಒಂದಕ್ಕೊಂದು ಕೊಂಚ ಭೇದ. ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ, ಕೈಯಲ್ಲಿ ಎರಡೆರಡೇ ಬಳೆ. ಅವರು ಬೀದಿಯ ತಿರುವಿನಲ್ಲಿ ಬರುತ್ತಿದ್ದರೆ ಮುಖ ಕಾಣುವ ಮೊದಲೇ ಆ ನೀಲಿಯನ್ನು ಕಂಡು ಮಕ್ಕಳು ಗೋಲಿಯಾಟ ಬಿಟ್ಟು ನೆಟ್ಟಗೆ ನಿಲ್ಲುತ್ತಿದ್ದರು. ಸುಂದರಿಯೆಂದು ಅವರನ್ನು ಯಾರೂ ಕರೆದಂತಿಲ್ಲ. ಆದರೂ ಸಭೆಯೊಂದರಲ್ಲಿ ಅವರು ಬಂದು ಕುಳಿತರೆ, ಪಕ್ಕದಲ್ಲಿ ಜರತಾರಿ ಉಟ್ಟವರು ತಮಗರಿಯದೆಯೇ ಸೆರಗು ಸರಿಪಡಿಸಿಕೊಳ್ಳುವುದನ್ನು ನಾವು ಕಂಡಿದ್ದೇವೆ.

1957ರಲ್ಲಿ ಅವರ ಯಜಮಾನರು ತೀರಿಕೊಂಡರು. ಬಂಧುಗಳು ಅಂದಿನ ರೂಢಿಯಂತೆ ಬಣ್ಣಗೆಟ್ಟ ಎರಡು ಸೀರೆಗಳನ್ನು ತಂದು ಮುಂದಿಟ್ಟರು. ಅತ್ತೆ ಅವನ್ನು ಮಡಿಸಿ ಟ್ರಂಕಿನ ತಳದಲ್ಲಿಟ್ಟರು. ತಿಂಗಳು ಕಳೆದ ಮೇಲೆ ಕಡುನೀಲಿ ಸೀರೆಯನ್ನೇ ಉಟ್ಟು ಶಾಲೆಗೆ ಹೋದರು. ಆಡಳಿತ ಮಂಡಳಿಯ ಹಿರಿಯರೊಬ್ಬರು ಕರೆಸಿ, ಮಕ್ಕಳೆದುರಿಗೆ ಇದು ತರವಲ್ಲವೆಂದು ಸೂಚಿಸಿದರಂತೆ. “ಈ ಸೀರಿ ನಾ ನನ್ನ ಪಗಾರದಾಗ ತಗೊಂಡದ್ದರಿ. ಅವರು ಇದ್ದಾಗೂ ನಾ ಇದನ್ನ ನನ್ನ ಸಲುವಾಗಿನ ಉಡತಿದ್ದೆ” ಎಂದಷ್ಟೇ ಹೇಳಿ ಅತ್ತೆ ತರಗತಿಗೆ ನಡೆದರು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಎರಡು ವರ್ಷ ಅವರ ಸಂಬಳದ ಬಡ್ತಿ ನಿಂತಿತು. ತೌರಿನವರೇ ಕೆಲವರು ಮಾತು ಬಿಟ್ಟರು. ಅವರು ವಾದಕ್ಕೆ ಹೋಗಲಿಲ್ಲ, ಸೀರೆಯನ್ನೂ ಬದಲಿಸಲಿಲ್ಲ. ಕೆಲವು ವರ್ಷಗಳ ತರುವಾಯ ಅದೇ ಊರಿನ ಆಸ್ಪತ್ರೆಯ ಚಿಕ್ಕ ವಯಸ್ಸಿನ ದಾದಿಯೊಬ್ಬಳು ಗಂಡನನ್ನು ಕಳೆದುಕೊಂಡಾಗ ಹಸಿರು ಸೀರೆ ಉಟ್ಟುಕೊಂಡೇ ಕೆಲಸಕ್ಕೆ ಬಂದಳು. ಆಗ ಯಾರೂ ಕರೆಸಿ ಕೇಳಲಿಲ್ಲ.

ಅತ್ತೆಗೆ ಈ ಧೈರ್ಯವು ಸೀರೆಯಿಂದ ಬಂದಿತೆಂದು ಹೇಳುವಷ್ಟು ಮರುಳರು ನಾವಲ್ಲ. ಆದರೆ ಹತ್ತು ಹದಿನೈದು ವರ್ಷ ಒಂದೇ ಬಗೆಯಲ್ಲಿ ಉಟ್ಟು, ಅದು ಅವರ ಸಹಿಯಂತೆ ಆಗಿಹೋಗಿದ್ದರಿಂದಲೇ, ಕಿತ್ತುಕೊಳ್ಳಲು ಬಂದವರಿಗೆ ಅದು ಸುಲಭವಾಗಿ ಕೈಗೆ ಬರಲಿಲ್ಲವೆಂದು ನಮಗೆ ತೋರುತ್ತದೆ. ತಿಂಗಳಿಗೊಂದು ಮೋಸ್ತರವನ್ನು ಹಿಡಿದು ಬಿಡುವವರಿಂದ ಬಣ್ಣವನ್ನು ಕಸಿಯುವುದು ಕಷ್ಟವಲ್ಲ.

ಇಳಕಲ್ ಸೀರೆಯ ಮಾತು ಬಂದುದರಿಂದ ಅದರ ನೇಯ್ಗೆಯನ್ನು ಕುರಿತು ಎರಡು ಮಾತು ಹೇಳದೆ ಮುಂದೆ ಹೋಗಲಾರೆವು. ಈಗಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಈ ಊರಿನ ನೇಕಾರರು ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು ಹಾಕಿ, ಒಡಲಿನ ಎಳೆಯನ್ನೂ ಸೆರಗಿನ ಎಳೆಯನ್ನೂ ಒಂದೊಂದಾಗಿ ಕೊಂಡಿಯಂತೆ ಸಿಕ್ಕಿಸಿ ಸೇರಿಸುತ್ತಾರೆ. ಹೀಗಾಗಿ ಆರು, ಎಂಟು, ಒಂಬತ್ತು ಗಜವೆಂದು ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಮಾಡಬೇಕು. ಹತ್ತು ಸೀರೆಯ ಉದ್ದಕ್ಕೆ ಒಮ್ಮೆಲೇ ಹಾಸು ಹೂಡಿ ನೇಯ್ದು ಕತ್ತರಿಸುವ ಲಾಭ ಇಲ್ಲಿಲ್ಲ. ಕೆಂಪು ರೇಷ್ಮೆಯ ಸೆರಗಿನಲ್ಲಿ ಬಿಳಿಯ ಪಟ್ಟಿಗಳು ಬಂದು, ಕೋಟೆಯ ತೆನೆಯಂತೆ, ಬಾಚಣಿಗೆಯ ಹಲ್ಲಿನಂತೆ, ಜೋಳದ ತೆನೆಯಂತೆ ಆಕೃತಿಗಳು ಮೂಡುತ್ತವೆ. ಇದಕ್ಕೆ ತೋಪುತೆನೆಯ ಸೆರಗೆಂದು ಹೆಸರು. ಅಂಚಿನಲ್ಲಿ ಚಿಕ್ಕಿ ಪರಾಸ, ಗೋಮಿ ಎಂದು ಬೇರೆ ಬೇರೆ ಬಗೆಗಳು. ಇನ್ನು ಈ ಸೀರೆಯ ಮೇಲೆ ಹಾಕುವ ಕಸೂತಿಯಂತೂ ಗಣಿತವೇ ಸರಿ. ಬಟ್ಟೆಯ ಮೇಲೆ ಗೆರೆ ಬರೆಯದೆ, ಎಳೆಗಳನ್ನು ಎಣಿಸುತ್ತ, ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರವನ್ನೂ ತೇರನ್ನೂ ಆನೆಯನ್ನೂ ತುಲಸಿಯ ಕಟ್ಟೆಯನ್ನೂ ತೆಗೆಯುತ್ತಾರೆ. ಗವಂತಿಯ ಕೆಲಸವು ಒಳಗೂ ಹೊರಗೂ ಒಂದೇ ಸಮನಾಗಿ ಕಾಣುತ್ತದೆ. ಕಪ್ಪು ಬಣ್ಣ ಅಶುಭವೆಂದು ಹೆದರುವವರು ಕೇಳಬೇಕಾದ ಸಂಗತಿಯೊಂದುಂಟು: ಅದೇ ಸೀಮೆಯಲ್ಲಿ ಮದುವಣಗಿತ್ತಿಗೆ ಕೊಡುತ್ತಿದ್ದುದು ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ.

ಕಾಲಕ್ಕೆ ಜಗ್ಗದ ಉಡುಗೆ ಎಂದು ಹೇಳುವಾಗ ನಮ್ಮವರು ಒಡನೆಯೇ ಸಂಪ್ರದಾಯವೆಂಬ ಮಾತನ್ನು ತರುತ್ತಾರೆ. ಇಲ್ಲಿ ತುಸು ಎಚ್ಚರ ಬೇಕು. ನಮ್ಮ ಅಜ್ಜಿಯಂದಿರು ಹದಿನೆಂಟು ಮೊಳದ ಸೀರೆಗೆ ಕಚ್ಚೆ ಹಾಕಿ ಉಡುತ್ತಿದ್ದರು. ಕೊಡಗಿನವರು ನಿರಿಗೆಯನ್ನು ಹಿಂದಕ್ಕೆ ಇಟ್ಟು ಉಡುತ್ತಾರೆ. ನಾವು ಈಗ ಬಹುಮಂದಿ ಉಡುವಂತೆ, ಒಳಗೆ ಲಂಗ, ಮೇಲೆ ರವಿಕೆ, ಮುಂದೆ ನಿರಿಗೆ, ಎಡ ಹೆಗಲಿನ ಮೇಲೆ ಸೆರಗು ಎಂಬ ಕ್ರಮವು ಅಷ್ಟೇನೂ ಹಳೆಯದಲ್ಲ. 1860ರ ದಶಕದಲ್ಲಿ ಮುಂಬಯಿ ಪ್ರಾಂತಕ್ಕೆ ಬಂದ ಜ್ಞಾನದಾನಂದಿನೀ ದೇವಿಯವರು ಅಲ್ಲಿನ ಪಾರ್ಸಿ ಹೆಂಗಸರ ಉಡುಗೆಯನ್ನು ಕಂಡು, ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡು, ಬಂಗಾಳದ ಮನೆಗಳಲ್ಲಿ ಇಂಥದೊಂದು ಕ್ರಮವನ್ನು ರೂಢಿಗೆ ತಂದರೆಂದು ಬಲ್ಲವರು ಬರೆದಿದ್ದಾರೆ. ಮನೆಯ ಹೊಸಿಲನ್ನು ದಾಟಿ ನಾಲ್ವರ ನಡುವೆ ಓಡಾಡುವುದಕ್ಕೆ ಅನುವಾಗಲೆಂಬುದೇ ಅವರ ಉದ್ದೇಶ. ಇವರ ಪತಿ ಸತ್ಯೇಂದ್ರನಾಥ ಠಾಕೂರರು ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದವರು. ತಮ್ಮನಾದ ರವೀಂದ್ರರು ಅಲ್ಲಿಗೆ ಬಂದಿದ್ದ ನೆನಪಿಗೆ ಅಲ್ಲಿನ ಕಡಲತೀರಕ್ಕೆ ಅವರ ಹೆಸರಿದೆ. ವಿಷಯಾಂತರವಾಯಿತು. ನಾವು ಹೇಳಹೊರಟದ್ದು ಇಷ್ಟೆ: ಇಂದು ಸಂಪ್ರದಾಯವೆನಿಸಿದ್ದು ಅಂದು ಒಬ್ಬಾಕೆ ತನ್ನ ಅನುಕೂಲಕ್ಕಾಗಿ ಮಾಡಿಕೊಂಡ ಹೊಸತು. ಆದುದರಿಂದ ನಮ್ಮ ಮನೆಯ ಹುಡುಗಿ ಸಲ್ವಾರು ಕಮೀಜು ತೊಟ್ಟು ಬಸ್ಸು ಹಿಡಿದರೆ ಧರ್ಮ ಮುಳುಗಿತೆಂದು ನಾವು ಕೂಗುವವರಲ್ಲ. ಅದೂ ಅವಳದಾಗಿರಲಿ, ಅಷ್ಟು ಸಾಕು.

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಈ ಸಂದರ್ಭದಲ್ಲಿ ನೆನೆಯದಿರಲಾಗದು. ಎಳೆಯ ವಯಸ್ಸಿನಲ್ಲಿಯೇ ವೈಧವ್ಯ ಬಂದರೂ ಓದನ್ನು ಬಿಡದೆ, ಮರುಮದುವೆಯಾಗಿ, ಸ್ವಾತಂತ್ರ್ಯದ ಹೋರಾಟದಲ್ಲಿ ಸೆರೆಮನೆಗೂ ಹೋಗಿ, 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತವರು ಅವರು. ಮೂಲೆಮೂಲೆಯ ನೇಕಾರರನ್ನೂ ಕುಶಲಕರ್ಮಿಗಳನ್ನೂ ಹುಡುಕಿಕೊಂಡು ಹೋದರು. ಅವರ ಭಾವಚಿತ್ರಗಳನ್ನು ನೋಡಿದವರು ಬಲ್ಲರು: ಮೈಮೇಲೆ ಕೈಮಗ್ಗದ ಸೀರೆ, ಮುಖದಲ್ಲಿ ಯಾರ ಅಪ್ಪಣೆಗೂ ಕಾಯದ ಒಂದು ನೆಮ್ಮದಿ. 1988ರಲ್ಲಿ ಅವರು ತೀರಿಕೊಂಡರು. ಆ ಚಿತ್ರಗಳಲ್ಲಿ ಯಾವುದು ಯಾವ ವರ್ಷದ್ದೆಂದು ಸೀರೆಯನ್ನು ನೋಡಿ ಹೇಳುವುದು ನಮಗಂತೂ ಆಗದ ಕೆಲಸ.

ಹಾಗಾದರೆ ತನ್ನದನ್ನು ಗುರುತಿಸಿಕೊಳ್ಳುವ ಬಗೆ ಹೇಗೆ? ನಮ್ಮ ಅತ್ತೆ ಇದಕ್ಕೆ ಮಂತ್ರವನ್ನೇನೂ ಹೇಳಿಕೊಡಲಿಲ್ಲ. ಆದರೆ ಅಂಗಡಿಗೆ ಅವರೊಡನೆ ಹೋಗುವುದೇ ಒಂದು ಪಾಠವಾಗಿತ್ತು. ಸೀರೆಯನ್ನು ದೀಪದ ಕೆಳಗೆ ಅವರು ನೋಡುತ್ತಲೇ ಇರಲಿಲ್ಲ. ಅಂಗಡಿಯ ಬಾಗಿಲಿಗೆ ತಂದು, ಹಗಲಿನ ಬೆಳಕಿನಲ್ಲಿ ಮುಂಗೈಯ ಮೇಲೆ ಹಾಸಿಕೊಂಡು, ಬಣ್ಣ ಚರ್ಮದೊಡನೆ ಜಗಳವಾಡುತ್ತದೆಯೋ ಇಲ್ಲವೋ ಎಂದು ನೋಡುವರು. ತಾವು ಗಿಡ್ಡಗಿದ್ದುದರಿಂದ ಅಗಲವಾದ ಅಂಚನ್ನು, ಎಷ್ಟೇ ಚೆಲುವಾಗಿದ್ದರೂ, ಮುಟ್ಟುತ್ತಿರಲಿಲ್ಲ. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟು, ಸುಕ್ಕು ಎಷ್ಟು ಹೊತ್ತು ನಿಲ್ಲುವುದೆಂದು ಪರೀಕ್ಷಿಸುವರು. ಇಡೀ ದಿನ ಹಲಗೆಯ ಮುಂದೆ ನಿಲ್ಲುವವರಿಗೆ ಅದು ಮುಖ್ಯ. ಆಮೇಲೆ ಬೆಲೆ ಕೇಳುವರು. ಕೇಳಿದ ಬೆಲೆಯನ್ನು, ಆ ಸೀರೆಯನ್ನು ತಾವು ಎಷ್ಟು ಸಲ ಉಡುವೆವೆಂಬುದರಿಂದ ಭಾಗಿಸುವರು. ಈ ಲೆಕ್ಕದಲ್ಲಿ ಮುನ್ನೂರು ಸಲ ಉಡುವ ಒಳ್ಳೆಯ ಸೀರೆ ಅಗ್ಗ. ಎರಡು ಸಲ ಉಟ್ಟು ಬಿಡುವ ರಿಯಾಯಿತಿಯ ಸೀರೆ ತುಟ್ಟಿ. ರವಿಕೆಯ ವಿಷಯದಲ್ಲಂತೂ ಅವರದು ಹಟವೇ. ಸೀರೆ ಐವತ್ತು ರೂಪಾಯಿಯದಿರಲಿ ಐದು ರೂಪಾಯಿಯದಿರಲಿ, ತೋಳು ಎತ್ತಿದಾಗ ಕಂಕುಳಲ್ಲಿ ಹಿಡಿಯುವ ರವಿಕೆಯನ್ನು ಮೂರು ಸಲವಾದರೂ ದರ್ಜಿಯಲ್ಲಿಗೆ ಹಿಂದಕ್ಕೆ ಕಳಿಸುವರು. ತೋಳೆತ್ತಲು ಅಂಜುವ ಹೆಂಗಸಿಗೆ ಎಷ್ಟು ಬೆಲೆಯ ಸೀರೆಯಿದ್ದೂ ಮುಖದಲ್ಲಿ ಕಳೆ ಬಾರದು. ಇದು ನಮ್ಮ ಅನುಭವದ ಮಾತೂ ಹೌದು.

ಹಬ್ಬ ಮದುವೆಗಳಿಗೆ ಅತ್ತೆಯಲ್ಲಿದ್ದುದು ಒಂದೇ ಮೈಸೂರು ರೇಷ್ಮೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆಯ ಕಾರ್ಖಾನೆ 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ನಿಗಮದ ಸೀರೆಯ ಜರಿಯಲ್ಲಿ ಶೇಕಡಾ 65 ಬೆಳ್ಳಿಯೂ ಶೇಕಡಾ 0.65 ಚಿನ್ನವೂ ಇರುತ್ತವೆ. ಇಂಥ ಸೀರೆಯನ್ನು ವರ್ಷವಿಡೀ ಒಂದೇ ಮಡಿಕೆಯಲ್ಲಿ ಇಟ್ಟರೆ ಮಡಿಕೆಯ ಗೆರೆಯಲ್ಲಿಯೇ ಅದು ಸೀಳುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ನೆರಳಿನಲ್ಲಿ ಹರವಿ, ಗೆರೆ ಬದಲಾಗುವಂತೆ ಮಡಿಸಿ, ಒಗೆದು ಮೆತ್ತಗಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿಡತಕ್ಕದ್ದು. ನುಸಿಗುಳಿಗೆ ಜರಿಗೆ ಆಗದು. ಅದು ತಗಲಿದರೆ ಜರಿ ಕಪ್ಪಾಗುತ್ತದೆ. ಒಣಗಿದ ಬೇವಿನೆಲೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬದಿಗಿಟ್ಟರೆ ಸಾಕು.

ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸ ಮಾಡುವ ನಮ್ಮ ತಮ್ಮನ ಮಗಳು ಕಳೆದ ವರ್ಷ ತನ್ನ ಬೀರುವನ್ನು ಬರಿದುಮಾಡಿದಳು. ಬೇಡವಾದವುಗಳನ್ನು ಬೇಕಾದವರಿಗೆ ಹಂಚಿ, ಹನ್ನೊಂದು ಸೀರೆ, ಆರು ಜೊತೆ ಸಲ್ವಾರು ಕಮೀಜು ಉಳಿಸಿಕೊಂಡಳು. ಅವಳ ಬಣ್ಣ ನೀಲಿಯಲ್ಲ, ಇಟ್ಟಿಗೆಯ ಕೆಂಪು; ನೀಲಿಯಲ್ಲಿ ತಾನು ಜ್ವರದಿಂದೆದ್ದವಳಂತೆ ಕಾಣುತ್ತೇನೆಂದು ಅವಳ ಎಣಿಕೆ. ಅದು ನಿಜವೇ. ಒಂದು ಇಳಕಲ್ ಸೀರೆ ಬೇಕೆಂದು ನಮ್ಮನ್ನು ಜೊತೆಗೆ ಕರೆದಳು. ಯಂತ್ರದ ಮಗ್ಗದಲ್ಲಿ ಅದೇ ಅಂಚು, ಅದೇ ಸೆರಗಿನ ಬಣ್ಣವನ್ನು ತೆಗೆದು ಕಡಿಮೆ ಬೆಲೆಗೆ ಮಾರುವುದು ಈಗ ಸಾಮಾನ್ಯ. ಆದ್ದರಿಂದ ಒಡಲೂ ಸೆರಗೂ ಕೂಡುವ ಕಡೆಯನ್ನು ತಿರುಗಿಸಿ, ಕೊಂಡಿಯ ಸಾಲನ್ನು ಬೆರಳಿನಿಂದ ಮುಟ್ಟಿ ನೋಡೆಂದು ನಾವು ಹೇಳಿದೆವು. ಅಂಗಡಿಯವರು ಹನ್ನೆರಡು ಸೀರೆ ಬಿಚ್ಚಿದರು. ಎರಡರಲ್ಲಿ ಮಾತ್ರ ಕೊಂಡಿಯಿತ್ತು, ಎರಡೂ ನೀಲಿ. ಅವಳು ಅವನ್ನು ಒಪ್ಪದೆ, ಇಟ್ಟಿಗೆಯ ಕೆಂಪಿಗೆ ಚಿಕ್ಕಿ ಅಂಚು ಬೇಕೆಂದು ಅಳತೆ ಬರೆಸಿ ಮುಂಗಡ ಕೊಟ್ಟು ಬಂದಿದ್ದಾಳೆ. ದೀಪಾವಳಿಗೆ ಸಿಗಲಾರದು, ಸಂಕ್ರಾಂತಿಯಾದೀತು ಎಂದಿದ್ದಾರೆ. ಅಲ್ಲಿಯವರೆಗೆ ಇರುವುದನ್ನೇ ಉಡುತ್ತೇನೆ ಎನ್ನುತ್ತಾಳೆ.