ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ಒಂದು ಕೇಬಲ್ ಯಾತ್ರೆ

"ತಾತಾ, ಇಲಿ ಅಜ್ಜಿಯ ಕಂಪ್ಯೂಟರ್ ತಿಂದುಬಿಟ್ಟಿದೆ!"

ದಸರಾ ರಜೆಯ ಮೊದಲ ಶನಿವಾರ, ಬೆಳಿಗ್ಗೆ ಆರೂವರೆಗೆ ಬಂದ ಫೋನು. ಮಾಡಿದವಳು ಏಳನೇ ತರಗತಿಯ ನನ್ನ ಮೊಮ್ಮಗಳು. ಅವಳಿರುವುದು ಎಲೆಕ್ಟ್ರಾನಿಕ್ ಸಿಟಿ ಪಕ್ಕದ ದೊಡ್ಡತೋಗೂರಿನಲ್ಲಿ, ನಾನಿರುವುದು ಪೀಣ್ಯದ ಬಗಲಿನ ದಾಸರಹಳ್ಳಿಯಲ್ಲಿ. ಬೆಂಗಳೂರಿನ ನಕ್ಷೆ ತೆಗೆದು ನೋಡಿ, ನಾನು ವಾಯವ್ಯದ ಮೂಲೆ, ಅವಳು ಆಗ್ನೇಯದ ಮೂಲೆ. ನಡುವೆ ಇಡೀ ಊರು ಮಲಗಿದೆ.

ಅಜ್ಜಿಯ ಕಂಪ್ಯೂಟರ್ ಎಂದರೆ 2004ರಲ್ಲಿ ನನ್ನ ಮಗ ಎಂಜಿನಿಯರಿಂಗ್ ಓದುವಾಗ ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಪೆಟ್ಟಿಗೆ. ಎರಡು ವರ್ಷದ ನಂತರ ಒಂದು ಸಂಜೆ ಅವನು ಹೊಸ ಮೈಕು ತಂದು, "ಅಮ್ಮಾ, ಏನಾದರೂ ಮಾತಾಡು, ಟೆಸ್ಟ್ ಮಾಡೋಣ" ಎಂದ. ಅವಳು ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದಳು. ಅವಳು ಹೋಗಿ ಈಗ ಹದಿನಾರು ವರ್ಷ. ಮೊಮ್ಮಗಳು ಅಜ್ಜಿಯನ್ನು ನೋಡಿಲ್ಲ. ಮಗನ ಮನೆಯ ಅಟ್ಟದಲ್ಲಿದ್ದ ಆ ಪೆಟ್ಟಿಗೆಯನ್ನು ರಜೆಯಲ್ಲಿ ಕೆಳಗಿಳಿಸಿ, ಅದರಲ್ಲೇ ಅಜ್ಜಿಯ ದನಿ ಕೇಳಬೇಕೆಂದು ಅವಳ ಹಟ.

"ಹಾರ್ಡ್ ಡಿಸ್ಕ್ ಬಿಚ್ಚಿ ಯುಎಸ್‌ಬಿ ಅಡಾಪ್ಟರ್‌ಗೆ ಹಾಕಿದರೆ ಐದು ನಿಮಿಷದ ಕೆಲಸ" ಎಂದ ಮಗ. ಬುದ್ಧಿವಂತರ ದಾರಿ ಅದೇ, ಒಪ್ಪುತ್ತೇನೆ. ಆದರೆ ಅವಳಿಗೆ ಅಜ್ಜಿ ಕೂತು ಮಾತಾಡಿದ ಯಂತ್ರವೇ ಮಾತಾಡಬೇಕಿತ್ತು. ನನಗೂ.

ಇಲಿ ತಿಂದದ್ದು ಒಂದು ಕೇಬಲನ್ನು ಮಾತ್ರ. ಹಳೆಯ ಕಂಪ್ಯೂಟರಿನ ಒಳಗೆ ನೋಡಿದ್ದೀರಾ? ಹಾರ್ಡ್ ಡಿಸ್ಕಿನಿಂದ ಮದರ್‌ಬೋರ್ಡಿಗೆ ಎರಡು ಇಂಚು ಅಗಲದ ಬೂದು ಬಣ್ಣದ ಪಟ್ಟಿ ಹೋಗುತ್ತದೆ, ಹೆಣ್ಣುಮಕ್ಕಳ ಜಡೆಯ ರಿಬ್ಬನ್ನಿನ ಹಾಗೆ. ಹೆಸರೂ ರಿಬ್ಬನ್ ಕೇಬಲ್ ಎಂದೇ. ಅಂಥದೊಂದನ್ನು ತರುವ ಹೊಣೆ ನನ್ನ ಮೇಲೆ ಬಿತ್ತು. ಮೂವತ್ತೊಂದು ವರ್ಷ ಪೀಣ್ಯದ ಕಾರ್ಖಾನೆಯೊಂದರಲ್ಲಿ ಟ್ರಾನ್ಸ್‌ಫಾರ್ಮರ್‌ಗೆ ತಾಮ್ರದ ತಂತಿ ಸುತ್ತಿದವನು ನಾನು. ತಂತಿಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬ ಬೇರೆ.

ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದೆ. ಕಿಟಕಿಯಿಂದ ಪೀಣ್ಯವನ್ನು ಮೇಲಿನಿಂದ ನೋಡುವುದು ನನಗೆ ಇನ್ನೂ ಹೊಸತು. ಶೀಟಿನ ಸೂರುಗಳು, ನೀರಿನ ಟ್ಯಾಂಕುಗಳು, ಲಾರಿಗಳ ಸಾಲು. 1970ರ ದಶಕದ ಕೊನೆಯಲ್ಲಿ ಬೆಳೆಯತೊಡಗಿದ ಈ ಕೈಗಾರಿಕಾ ಪ್ರದೇಶದ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಏನೆಲ್ಲ ತಯಾರಾಗುತ್ತದೆ! ನಟ್ಟು, ಬೋಲ್ಟು, ಸ್ಪ್ರಿಂಗು, ಗೇರು. ಅದಕ್ಕೂ ಹಿಂದೆ ಪಕ್ಕದ ಜಾಲಹಳ್ಳಿಗೆ 1953ರಲ್ಲಿ ಎಚ್‌ಎಂಟಿ ಬಂತು, ಮರುವರ್ಷ ಬಿಇಎಲ್ ಬಂತು. ಅಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಾ ಬೆಳೆದ ಚಿಕ್ಕವರು ಪೀಣ್ಯದಲ್ಲಿ ಬಹಳ ಮಂದಿ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್ ಬಂದಾಗ ಅಭ್ಯಾಸಬಲದಿಂದ ಮೂಗು ಅರಳಿಸಿದೆ. ಬಸ್ಸಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ ಇಲ್ಲಿ ಗಂಧದ ಪರಿಮಳ ಬರುತ್ತಿತ್ತು. ಮೆಟ್ರೋದ ಗಾಜು ಅದನ್ನು ಒಳಗೆ ಬಿಡುವುದಿಲ್ಲ.

ಚಿಕ್ಕಪೇಟೆಯಲ್ಲಿಳಿದು ಎಸ್.ಪಿ. ರಸ್ತೆಗೆ ನಡೆದೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರನ್ನು ಈಗ ಯಾರೂ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದವರೆಲ್ಲ ಒಮ್ಮೆಯಾದರೂ ಈ ಬೀದಿಯಲ್ಲಿ ಭುಜ ತಗುಲಿಸಿಕೊಂಡು ನಡೆದವರೇ. ಹೊಸ ಅಂಗಡಿಗಳಲ್ಲಿ ನನ್ನ ಕೇಬಲಿನ ಹೆಸರು ಹೇಳಿದರೆ ಹುಡುಗರು ನಕ್ಕರು. ನಾಲ್ಕನೆಯ ಅಂಗಡಿಯ ಯಜಮಾನರು ಮಾತ್ರ ಏಣಿ ಹತ್ತಿ, ಧೂಳು ಕೊಡವಿ, ಮೂರು ಬಗೆ ಮುಂದಿಟ್ಟರು.

ಮೊದಲನೆಯದು ಹಳೇ ಬಗೆಯ ಚಪ್ಪಟೆ ಪಟ್ಟಿ, ಅರವತ್ತು ರೂಪಾಯಿ. ಎರಡನೆಯದು ದುಂಡನೆಯ ಕೇಬಲ್, ಗಿಳಿಹಸಿರು ಕೊಳವೆಯೊಳಗೆ ತಂತಿಗಳನ್ನು ತುರುಕಿದ್ದು, ನೂರೈವತ್ತು. ಮೂರನೆಯದೂ ದುಂಡನೆಯದೇ, ಬೆಳ್ಳಿಯ ಹೆಣಿಗೆ ಹೊದ್ದದ್ದು, ನಾನೂರು.

"ದುಂಡನೆಯದರಿಂದ ಏನುಪಯೋಗ?" ಎಂದೆ.

"ಗಾಳಿ ಆಡುತ್ತೆ ಸಾರ್. ಚಪ್ಪಟೆಯದು ಬಾಗಿಲಿಗೆ ಸೀರೆ ಒಣಹಾಕಿದ ಹಾಗೆ, ಫ್ಯಾನಿನ ಗಾಳಿಗೆ ಅಡ್ಡ" ಎಂದರು. ಮಾತು ಸರಿಯಾಗಿಯೇ ಇತ್ತು. ಆಗಿನ ಪ್ರೊಸೆಸರುಗಳು ಚೆನ್ನಾಗಿ ಕಾಯುತ್ತಿದ್ದವು. ಅದಕ್ಕೇ ಈ ದುಂಡು ಕೇಬಲ್ ಒಂದು ಕಾಲದಲ್ಲಿ ಹುಡುಗರ ನಡುವೆ ದೊಡ್ಡ ಫ್ಯಾಷನ್ ಆಗಿತ್ತು.

ನಾನು ಮಧ್ಯದ್ದನ್ನು ಆರಿಸಿದೆ. ತೀರಾ ಅಗ್ಗದ್ದು ಬೇಡ, ತೀರಾ ದುಬಾರಿಯದೂ ಬೇಡ ಎನ್ನುವುದು ನಮ್ಮಂಥವರ ಹಳೇ ಚಾಳಿ. "ಎಷ್ಟು ಉದ್ದ ಕೊಡಲಿ?" ಎಂದು ಅವರು ಕೇಳಿದಾಗ, "ಅದೇ ರೇಟಿಗೆ ಉದ್ದದ್ದು ಸಿಗುವುದಾದರೆ ಉದ್ದದ್ದೇ ಕೊಡಿ" ಎಂದೆ. ಇಪ್ಪತ್ನಾಲ್ಕು ಇಂಚಿನದು ಸಿಕ್ಕಿತು. ಗೆದ್ದೆ ಎಂದುಕೊಂಡೆ!

ಮತ್ತೆ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು ಹಳದಿ ಮಾರ್ಗಕ್ಕೆ ಬದಲಾಯಿಸಿದೆ. 2025ರ ಆಗಸ್ಟ್ 10ರಂದು ಶುರುವಾದ ಮಾರ್ಗ ಇದು. ಬೊಮ್ಮಸಂದ್ರದವರೆಗೆ ಹದಿನಾರು ನಿಲ್ದಾಣ, ಸುಮಾರು ಹತ್ತೊಂಬತ್ತು ಕಿಲೋಮೀಟರ್. ಮೊದಲೆಲ್ಲ ದಾಸರಹಳ್ಳಿಯಿಂದ ಮಗನ ಮನೆಗೆ ಬಸ್ಸಿನಲ್ಲಿ ಹೊರಟರೆ ಸಿಲ್ಕ್ ಬೋರ್ಡಿನಲ್ಲೇ ಒಂದು ನಿದ್ದೆ ಮುಗಿಯುತ್ತಿತ್ತು. ಈಗ ಆ ಜಂಗುಳಿಯನ್ನು ಕಾಲಡಿ ಬಿಟ್ಟು ಹೋಗುವಾಗ ಕೆಳಗಿನವರ ಬಗ್ಗೆ ಪಾಪ ಎನಿಸುತ್ತದೆ, ಸ್ವಲ್ಪ ಖುಷಿಯೂ ಆಗುತ್ತದೆ.

ಎಲೆಕ್ಟ್ರಾನಿಕ್ ಸಿಟಿ ಎಂದೊಡನೆ ಗಾಜಿನ ಕಟ್ಟಡ ನೆನಪಾಗುವ ಮಕ್ಕಳಿಗೆ ಒಂದು ಮಾತು ಹೇಳಬೇಕು. ಇಲ್ಲಿ ಮೊದಲು ಇದ್ದದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳ್ಳಿಗಳ ಹೊಲ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಮುನ್ನೂರಕ್ಕೂ ಹೆಚ್ಚು ಎಕರೆಯಲ್ಲಿ ಇದನ್ನು ಎಬ್ಬಿಸಿತು. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರದು ಈ ಕನಸು. ಸಾಫ್ಟ್‌ವೇರ್ ಎಂಬ ಪದ ನಮ್ಮ ಬಾಯಿಗೆ ಬರುವ ಮೊದಲೇ ಕಂಡದ್ದು! ನಿಲ್ದಾಣದಿಂದ ದೊಡ್ಡತೋಗೂರಿಗೆ ಆಟೋದಲ್ಲಿ ಹೋದೆ.

ಕೇಬಲ್ ಹಾಕಿದೆವು. ಫ್ಯಾನು ಗುರುಗುಟ್ಟಿತು, ಪರದೆ ಬೆಳಗಿತು, ಮೊಮ್ಮಗಳು ಕುಣಿದಳು. ಫೈಲ್ ಸಿಕ್ಕಿತು, ಒತ್ತಿದಳು. "ಒಂದ್... ದ್... ದ್... ಊರ್... ರ್..." ನನ್ನವಳ ದನಿ ಹೌದು, ಆದರೆ ತುಂಡು ತುಂಡು. ಎರಡನೇ ಸಲ ಇನ್ನೂ ಕೆಟ್ಟದಾಯಿತು. ಮೂರನೇ ಸಲಕ್ಕೆ ಮಗ ಸ್ವಿಚ್ ಆರಿಸಿದ. "ಡಿಸ್ಕ್‌ಗೆ ಇಪ್ಪತ್ತೊಂದು ವರ್ಷ ಆಯ್ತಪ್ಪ, ಅದೇ ಹೋಗ್ತಾ ಇದ್ದರೆ ಒತ್ತಾಯ ಮಾಡಬಾರದು" ಎಂದ. ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಮೊಮ್ಮಗಳು ಅಪ್ಪನ ಜೊತೆ ದಾಸರಹಳ್ಳಿಗೆ ಬಂದಳು, ಹಸಿರು ಕೇಬಲನ್ನು ಹಾವಿನಂತೆ ಕೊರಳಿಗೆ ಸುತ್ತಿಕೊಂಡು. ಮೂವರೂ ಪೀಣ್ಯ ಎರಡನೇ ಹಂತದಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯ ಶೆಡ್ಡಿಗೆ ಹೋದೆವು. ಆತ ಯಂತ್ರಗಳಿಗೆ ತಂತಿ ಜೋಡಣೆ ಮಾಡಿಕೊಡುವವನು. ಪೀಣ್ಯವನ್ನು ನೋಡಬೇಕಾದರೆ ಆಯುಧಪೂಜೆಯ ಸಮಯದಲ್ಲೇ ನೋಡಬೇಕು. ವರ್ಷವಿಡೀ ಎಣ್ಣೆ ಕುಡಿದ ಲೇತುಗಳಿಗೆ ಅಂದು ಸೀಮೆಎಣ್ಣೆಯ ಸ್ನಾನ. ಗೇಟುಗಳಲ್ಲಿ ಬಾಳೆಕಂದು, ಮೂಲೆಯಲ್ಲಿ ಬೂದುಗುಂಬಳದ ರಾಶಿ, ಎಲ್ಲ ಕಡೆ ಚೆಂಡುಹೂವಿನ ಘಮ.

ಆತ ಕೇಬಲ್ ನೋಡಿದ, ಅಳತೆಪಟ್ಟಿ ಇಟ್ಟ, ಬ್ಲೇಡಿನಿಂದ ಹಸಿರು ಕೊಳವೆ ಸೀಳಿದ. ಒಳಗಿದ್ದದ್ದು ಅದೇ ಚಪ್ಪಟೆ ಪಟ್ಟಿ! ಉದ್ದುದ್ದಕ್ಕೆ ಸೀಳಿ, ಹಿಂಡಿ, ತುರುಕಿದ್ದರು. "ಎಣಿಸಮ್ಮ" ಎಂದ. ಮೊಮ್ಮಗಳು ಎಣಿಸಿದಳು. ಎಂಬತ್ತು ತಂತಿ.

"ಕನೆಕ್ಟರಿನಲ್ಲಿ ನಲವತ್ತು ಪಿನ್ನಿನ ಜಾಗ. ಹಾಗಾದರೆ ಎಂಬತ್ತು ತಂತಿ ಏಕೆ, ಹೇಳು?"

ಅವಳಿಗೆ ಗೊತ್ತಿರಲಿಲ್ಲ. ನಿಜ ಹೇಳುತ್ತೇನೆ, ನನಗೂ ಗೊತ್ತಿರಲಿಲ್ಲ.

ನನ್ನ ವಯಸ್ಸಿನವರಿಗೆ ನೆನಪಿರಬಹುದು. ಹಿಂದೆ ಫೋನಿನಲ್ಲಿ ಊರಿಗೆ ಮಾತಾಡುವಾಗ ನಡುವೆ ಇನ್ಯಾರದೋ ಮನೆಯ ಮದುವೆ ಮಾತುಕತೆ ಕೇಳಿಸುತ್ತಿತ್ತು. ಪಕ್ಕಪಕ್ಕದ ತಂತಿಗಳಲ್ಲಿ ಒಂದರ ಸಂಕೇತ ಇನ್ನೊಂದಕ್ಕೆ ಸೋರುವುದು ಎಂದರೆ ಹಾಗೆ. ಮೊದಲ ಕೇಬಲುಗಳಲ್ಲಿ ನಲವತ್ತೇ ತಂತಿ ಇದ್ದವು, ವೇಗ ಸೆಕೆಂಡಿಗೆ 33 ಎಂಬಿ ಇರುವವರೆಗೆ ನಡೆಯಿತು. ಅದು 66ಕ್ಕೆ, 100ಕ್ಕೆ, 133ಕ್ಕೆ ಏರಿದಾಗ ಸೋರಿಕೆ ತಡೆಯಲು ಪ್ರತಿ ಎರಡು ತಂತಿಗಳ ನಡುವೆ ಒಂದು ಗ್ರೌಂಡ್ ತಂತಿ ಇಟ್ಟರು. ಅದು ಏನೂ ಮಾತಾಡದು. ಗಲಾಟೆ ಮಾಡುವ ಇಬ್ಬರು ಹುಡುಗರ ನಡುವೆ ಮೇಷ್ಟ್ರು ಒಬ್ಬ ಮೌನಿಯನ್ನು ಕೂರಿಸುವುದಿಲ್ಲವೇ, ಹಾಗೆ. ಚಪ್ಪಟೆ ಪಟ್ಟಿಯಲ್ಲಿ ಈ ಸಾಲು ಕದಲುವುದಿಲ್ಲ. ಅದನ್ನು ಸೀಳಿ ಉಂಡೆ ಮಾಡಿದರೆ? ಯಾರ ಪಕ್ಕ ಯಾರೋ!

"ಒಳ್ಳೆಯ ದುಂಡು ಕೇಬಲಿನಲ್ಲಿ ಪ್ರತಿ ತಂತಿಗೂ ಅದರದೇ ಗ್ರೌಂಡನ್ನು ಹುರಿ ಹೊಸೆದ ಹಾಗೆ ಸುತ್ತಿರುತ್ತಾರೆ. ಅದಕ್ಕೇ ಬೆಲೆ ಜಾಸ್ತಿ" ಎಂದ ಗೆಳೆಯ. "ಹೊರಗಿನ ಬೆಳ್ಳಿ ಹೊದಿಕೆ ನೋಡಿ ನಂಬಬೇಡ, ಒಳಗೆ ಏನಿದೆ ಕೇಳು. ಇನ್ನು ಉದ್ದ. ಈ ಬಗೆಯ ಕೇಬಲಿಗೆ ನಿಯಮ ಹದಿನೆಂಟು ಇಂಚು. ನೀನು ತಂದಿರೋದು ಇಪ್ಪತ್ನಾಲ್ಕು. ಯಾರೋ ಆಸೆಬುರುಕನ ಆಯ್ಕೆ."

ಮೊಮ್ಮಗಳು ನನ್ನತ್ತ ನೋಡಿದಳು. ನಾನು ಬೂದುಗುಂಬಳ ನೋಡಿದೆ.

ಮಧ್ಯಾಹ್ನ ಮೂವರೂ ಅದೇ ಎಸ್.ಪಿ. ರಸ್ತೆಗೆ, ಅದೇ ಅಂಗಡಿಗೆ ಹೋದೆವು. ನಾನೂರರ ಕೇಬಲಿನ ಒಳಗೆ ಜೋಡಿ ಹೊಸೆದಿದೆಯೇ ಎಂದು ಯಜಮಾನರನ್ನು ಕೇಳಿದೆ. "ಬಿಚ್ಚಿ ನೋಡಿಲ್ಲ ಸಾರ್, ಹೇಗೆ ಹೇಳಲಿ" ಎಂದರು. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ನಮ್ಮ ಪೆಟ್ಟಿಗೆಯಲ್ಲಿ ಇರುವುದು ಒಂದೇ ಹಾರ್ಡ್ ಡಿಸ್ಕ್, ಒಂದೇ ಸಿ.ಡಿ. ಡ್ರೈವ್. ಅಷ್ಟಕ್ಕೆ ಗಾಳಿ ಸಾಲದೆ ಹೋಗುವುದಿಲ್ಲ. ಅರವತ್ತು ರೂಪಾಯಿಯ ಚಪ್ಪಟೆ ಪಟ್ಟಿ, ಎಂಬತ್ತು ತಂತಿಯದು, ಹದಿನೆಂಟು ಇಂಚಿನದು, ಕೊಂಡೆವು. ಈಗಿನ ಸಾಟಾ ಕೇಬಲನ್ನೂ ಅವರು ಮೊಮ್ಮಗಳಿಗೆ ತೋರಿಸಿದರು. ಅದರಲ್ಲಿ ಏಳೇ ತಂತಿ, ನಾಲ್ಕು ಮಾತಾಡುವವು, ಮೂರು ಮೌನಿಗಳು. ಆದರೂ ಎಂಬತ್ತು ತಂತಿಯದಕ್ಕಿಂತ ವೇಗ! "ಕಡಿಮೆ ಜನ ಇದ್ದರೆ ಕೆಲಸ ಬೇಗ ಆಗುತ್ತೆ" ಎಂದಳು ಅವಳು.

ದೊಡ್ಡತೋಗೂರು ತಲುಪುವಾಗ ದೀಪ ಹಚ್ಚುವ ಹೊತ್ತು. ಈ ಪಟ್ಟಿಯ ಮೂರು ಕನೆಕ್ಟರಿಗೆ ಮೂರು ಬಣ್ಣ. ನೀಲಿ ಮದರ್‌ಬೋರ್ಡಿಗೆ, ಕಪ್ಪು ತುದಿಯ ಡಿಸ್ಕಿಗೆ, ಬೂದು ನಡುವಿನದಕ್ಕೆ. ಅಂಚಿನ ಬಣ್ಣದ ಗೆರೆ ಇರುವ ಕಡೆ ಒಂದನೇ ಪಿನ್ನು. ಮೊಮ್ಮಗಳೇ ಚುಚ್ಚಿದಳು. ಮಗ ಇನ್ನೊಂದು ಕೆಲಸ ಮಾಡಿದ. ಪದೇ ಪದೇ ತಪ್ಪು ಬಂದರೆ ಹಳೆಯ ವಿಂಡೋಸ್ ಎಕ್ಸ್‌ಪಿ ತಾನಾಗಿಯೇ ಪಿಐಒ ಎಂಬ ನಿಧಾನದ ದಾರಿಗೆ ಇಳಿದುಬಿಡುತ್ತದೆ. ಕೇಬಲ್ ಬದಲಿಸಿದರೂ ಮತ್ತೆ ಮೇಲೆ ಹತ್ತುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಆ ಚಾನೆಲನ್ನು ಅಳಿಸಿ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಬೇಕು. ಹಾಗೆ ಮಾಡಿ, ಮೊದಲು ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡ. ಆಮೇಲೆ, "ಒತ್ತು" ಎಂದ.

ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ, ಒಂದು ದಿನ ಜೋರು ಮಳೆ. ದನಿ ಎಲ್ಲೂ ತುಂಡಾಗಲಿಲ್ಲ. ಮೊಮ್ಮಗಳು ಸ್ಪೀಕರಿಗೆ ಕಿವಿ ತಾಗಿಸಿ ಕೂತಿದ್ದಳು. ಕಾಗಕ್ಕ ಬಾಗಿಲು ತಟ್ಟುವ ಹೊತ್ತಿಗೆ ಕಥೆ ಥಟ್ಟನೆ ನಿಂತಿತು. ಆಮೇಲೆ, ನಾನು ಪೂರ್ತಿ ಮರೆತೇಹೋಗಿದ್ದ ಮಾತು:

"ಏನ್ರೀ, ಅಲ್ಲೇ ನಿಂತಿದ್ದೀರಲ್ಲ, ಹಾಲು ಉಕ್ತಾ ಇದೆ, ಒಲೆ ಆರಿಸಿ!"

ಅಡುಗೆಮನೆಯ ಬಾಗಿಲವರೆಗೆ ಹೋದ ಮೇಲೆಯೇ ನನಗೆ ಗೊತ್ತಾದದ್ದು, ನಾನು ಎದ್ದು ಓಡಿದ್ದೆ ಎಂದು.