ಓದಿದುದು ಒಳಗಿಳಿಯುವ ಬಗೆ



ಪ್ರಾಚೀನ ಗ್ರೀಕರ ಹಾಗೂ ರೋಮನ್ನರ ತತ್ತ್ವಜ್ಞಾನವನ್ನು ಓದುವ ಹವ್ಯಾಸ ನನಗೆ ಬಹುಕಾಲದಿಂದ ಇದೆ. ಪುಟದ ಅಂಚಿನಲ್ಲಿ ಗುರುತು ಹಾಕುವುದು, ಮೆಚ್ಚಿದ ವಿಚಾರವನ್ನು ನಾಲ್ಕು ಜನರ ಮುಂದೆ ಹೇಳಿ ಸಂತೋಷಪಡುವುದು, ಇಷ್ಟೇ ನನ್ನ ಅಧ್ಯಯನವಾಗಿತ್ತು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅಲ್ಪ ಕಾರಣಕ್ಕೆ ಮಗಳ ಮೇಲೆ ಸಿಡಿದುಬಿದ್ದೆ. ಆಕೆ ಮೆಲ್ಲನೆ, "ಅಪ್ಪಾಜಿ, ಸಿಟ್ಟಿನ ಬಗ್ಗೆ ಇಷ್ಟೊಂದು ಓದುತ್ತೀರಿ, ಸಿಟ್ಟು ಮಾತ್ರ ಹಾಗೇ ಇದೆಯಲ್ಲ" ಎಂದಳು. ಉತ್ತರ ತೋಚದೆ ಎದ್ದುಹೋದೆ.

ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಿರುವಾಗಲೇ ಫ್ರಾನ್ಸಿನ ವಿದ್ವಾಂಸರಾದ ಪಿಯೆರ್ ಹ್ಯಾಡೊ (1922–2010) ಅವರ ಬರಹಗಳು ದೊರೆತವು. ಪ್ರಾಚೀನರಿಗೆ ತತ್ತ್ವಜ್ಞಾನವು ಮೊದಲಿಗೆ ಒಂದು ಬದುಕುವ ಕ್ರಮ, ಅವರ ಅನೇಕ ಗ್ರಂಥಗಳು ಮನಸ್ಸನ್ನು ತಿದ್ದುವ ಸಾಧನೆಗಳು ಎಂಬುದು 1981ರಲ್ಲಿ ಪ್ರಕಟವಾದ ಅವರ ಪ್ರಬಂಧಗಳ ತಿರುಳು. ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ (ಆಳ್ವಿಕೆ 161–180) ಗ್ರೀಕ್ ಭಾಷೆಯಲ್ಲಿ ತನಗಾಗಿ ಬರೆದುಕೊಂಡ ಟಿಪ್ಪಣಿಗಳಲ್ಲಿ ಒಂದೇ ವಿಚಾರ ಮತ್ತೆ ಮತ್ತೆ ಬರುತ್ತದೆ. ಅದನ್ನು ನಾನು ಬರವಣಿಗೆಯ ದೋಷವೆಂದೆಣಿಸಿದ್ದೆ. ಅದು ನಿತ್ಯದ ಅಭ್ಯಾಸವೆಂದು ಹ್ಯಾಡೊ ತೋರಿಸಿಕೊಟ್ಟರು. ತಿಳಿದ ತತ್ತ್ವವೂ ಸಂಕಟದ ಗಳಿಗೆಯಲ್ಲಿ ಕೈತಪ್ಪುವುದರಿಂದ ಅರಸನು ಅದನ್ನು ಪುನಃ ಪುನಃ ಬರೆದು ಮನಸ್ಸಿನಲ್ಲಿ ಜೀವಂತವಾಗಿರಿಸಿಕೊಂಡನು.

ಈ ಮತವನ್ನು ಎಲ್ಲರೂ ಪೂರ್ತಿಯಾಗಿ ಒಪ್ಪಿಲ್ಲ. ಅಮೆರಿಕದ ವಿದ್ವಾಂಸ ಜಾನ್ ಕೂಪರ್ ಅವರು 2012ರ ತಮ್ಮ ಗ್ರಂಥದಲ್ಲಿ, ತತ್ತ್ವಜ್ಞಾನವು ಬದುಕುವ ಕ್ರಮವೆಂಬುದನ್ನು ಒಪ್ಪುತ್ತಲೇ, ಆ ಬದುಕನ್ನು ನಡೆಸಿದ ಶಕ್ತಿ ಸಾಧನೆಗಳದ್ದಲ್ಲ, ತರ್ಕಬದ್ಧ ವಿಚಾರದ್ದು ಎಂದು ವಾದಿಸಿದರು. ನನಗೆ ಗೊಂದಲವಾಯಿತು. ಸಿಟ್ಟನ್ನು ಗೆಲ್ಲಲು ಅಭ್ಯಾಸ ಬೇಕೋ, ವಿಚಾರ ಬೇಕೋ?

ಈ ಗಂಟನ್ನು ಬಿಡಿಸಿದ್ದು ಸೆನೆಕನ ಕೋಪದ ಕುರಿತ ಗ್ರಂಥ. ಅನ್ಯಾಯವಾಯಿತೆಂಬ ತೋರಿಕೆ ಮೊದಲು ಮನಸ್ಸಿಗೆ ತಟ್ಟುತ್ತದೆ. ಅದಕ್ಕೆ ಬುದ್ಧಿಯು ಸಮ್ಮತಿಯಿತ್ತಾಗಲೇ ಅದು ಕೋಪವಾಗುತ್ತದೆ ಎನ್ನುತ್ತಾನೆ ಆತ. ಅದೇ ಗ್ರಂಥದ ಮೂರನೆಯ ಭಾಗದಲ್ಲಿ ತನ್ನ ರಾತ್ರಿಯ ನಿಯಮವನ್ನೂ ಹೇಳಿಕೊಂಡಿದ್ದಾನೆ. ದೀಪವನ್ನು ಒಯ್ದ ಮೇಲೆ, ಈ ರೂಢಿಯನ್ನರಿತ ಪತ್ನಿಯು ಮೌನವಾದ ಮೇಲೆ, ಆತ ಇಡೀ ದಿನದ ನಡೆನುಡಿಗಳನ್ನು ಏನೊಂದನ್ನೂ ಮುಚ್ಚಿಡದೆ ಪರಿಶೀಲಿಸುತ್ತಾನೆ. ತನ್ನ ನ್ಯಾಯಾಲಯದಲ್ಲಿ ತಾನೇ ಅಹವಾಲು ಹೇಳಿಕೊಳ್ಳುತ್ತಾನೆ. ನ್ಯಾಯಾಲಯವೆಂದ ಮೇಲೆ ಅಲ್ಲಿ ವಿಚಾರಣೆಯಿದೆ. ಪ್ರತಿರಾತ್ರಿ ನಡೆಯುವುದೆಂದ ಮೇಲೆ ಅದು ಅಭ್ಯಾಸವೂ ಹೌದು. ಬುದ್ಧಿಯ ತಪ್ಪು ಸಮ್ಮತಿಯಿಂದ ಹುಟ್ಟಿದ ಕೋಪವನ್ನು ಬುದ್ಧಿಯೇ ದಿನದಿನವೂ ವಿಚಾರಿಸಬೇಕು.

ನಾನೂ ತೊಡಗಿದೆ. ಮೊದಲ ಕೆಲವು ರಾತ್ರಿ ನನ್ನ ಪರವಾಗಿ ನಾನೇ ವಕೀಲನಾಗಿ, ಮಗಳನ್ನೇ ತಪ್ಪಿತಸ್ಥಳೆಂದು ನಿರ್ಣಯಿಸಿ ನಿದ್ದೆಹೋದೆ. ಒಂದು ರಾತ್ರಿ ಮಾತ್ರ ವಾದ ಮುಂದೆ ಸಾಗಲಿಲ್ಲ. ಅಂದು ಕೆರಳಿದ್ದು ಅವಳ ತಪ್ಪಿನಿಂದಲ್ಲ, ನನ್ನ ಮಾತಿಗೆ ಎದುರಾಡಿದಳೆಂಬ ಅಹಂಕಾರದಿಂದ ಎಂಬುದು ಎದುರಿಗೇ ನಿಂತಿತು. ಬೆಳಿಗ್ಗೆ ಅವಳ ಬಳಿ ಅದನ್ನು ಒಪ್ಪಿಕೊಂಡೆ.

ಸಿಟ್ಟು ಇನ್ನೂ ಬರುತ್ತದೆ ಬಂಧುಗಳೇ. ಆದರೆ ಈಗ ಅದು ರಾತ್ರಿ ನ್ಯಾಯಾಲಯಕ್ಕೆ ಹಾಜರಾಗಬೇಕು. ಪುಟದ ಅಂಚಿನ ಗುರುತುಗಳು ಎಂದೂ ನನ್ನನ್ನು ಹೀಗೆ ಪ್ರಶ್ನಿಸಿರಲಿಲ್ಲ.