ಆರು ರೂಪಾಯಿ

2025ರ ಫೆಬ್ರವರಿ 7, ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ. ಚಾಮರಾಜನಗರ ಸೀಮೆಯ ಹಳ್ಳಿಯೊಂದರ ಜಗಲಿಯ ಮೇಲೆ ನೀವು ಕೂತಿದ್ದೀರಿ. ಮುಂದೆ ಹುಣಸೆಹಣ್ಣಿನ ರಾಶಿ. ಹೆಂಗಸರು ಬೀಜ ಬಿಡಿಸುತ್ತಿದ್ದಾರೆ. ಕೈ ರಾಶಿಯಲ್ಲಿ, ಕಣ್ಣು ಬೀದಿಯ ತಿರುವಿನಲ್ಲಿ. ಇವತ್ತು ಕಂತಿನ ದಿನ.

ಒಳಗೆ ಟೀವಿ ಮಾತಾಡುತ್ತಿದೆ. ಮುಂಬೈಯಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ 6.50ರಿಂದ 6.25ಕ್ಕೆ ಇಳಿಸಿದ್ದಾರೆ. ಸುಮಾರು ಐದು ವರ್ಷದಲ್ಲಿ ಇದೇ ಮೊದಲ ಇಳಿಕೆ.

ಪಕ್ಕದವಳು ಸೆರಗಿಗೆ ಕೈ ಒರೆಸಿ ಮೈಕ್ರೋಫೈನಾನ್ಸ್ ಸಾಲದ ಕಾರ್ಡು ತೆಗೆಯುತ್ತಾಳೆ. ಮಡಿಕೆಯಲ್ಲಿ ಹರಿದಿದೆ. ಐವತ್ತು ಸಾವಿರ ಸಾಲ, ಶೇ 24 ಬಡ್ಡಿ, 24 ತಿಂಗಳು. ಕಂತು 2,643 ರೂಪಾಯಿ. ಬ್ಯಾಂಕುಗಳು 2019ರ ಅಕ್ಟೋಬರ್‌ನಿಂದ ಕೊಟ್ಟ ಫ್ಲೋಟಿಂಗ್ ದರದ ಗೃಹಸಾಲಕ್ಕೆ ರೆಪೊದಂಥ ದರದ ಕೊಂಡಿ ಇದೆ. ಈ ಕಾರ್ಡಿನದು ನಿಗದಿತ ಬಡ್ಡಿ, ಕೊಂಡಿಯೇ ಇಲ್ಲ. ಇದ್ದಿದ್ದರೂ ಲೆಕ್ಕ ಹಾಕಿ: ಕಾಲು ಪರ್ಸೆಂಟ್ ಪೂರ್ತಿ ಇಳಿದರೆ ಕಂತು 2,637. ತಿಂಗಳಿಗೆ ಉಳಿಯುವುದು ಆರು ರೂಪಾಯಿ.

ಅವಳ ಕೊರಳಲ್ಲಿ ಅರಿಶಿನದ ದಾರ, ಅದಕ್ಕೊಂದು ಕೊಂಬು. ಸರ ಗಿರವಿಯಲ್ಲಿದೆ. ಮನೆಯ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎನ್ನುತ್ತದೆ ಇಂಥ ಸಾಲಗಳಿಗೆ ರಿಸರ್ವ್ ಬ್ಯಾಂಕ್ ಮಾಡಿದ 2022ರ ನಿಯಮ. ಕೈಸಾಲ, ಗಿರವಿ ಯಾರ ಲೆಕ್ಕಕ್ಕೆ ಸಿಗುತ್ತವೆ?

‘ಹೊಲಿಗೆ ಮಿಷನ್ನಿಗೆ ಸಾಲ ತಗೋಬಹುದಲ್ಲ?’ ಎಂದು ಕೇಳುತ್ತೀರಿ.

‘ಹಳೇದ್ನ ತೀರ್ಸಕ್ಕೇ ಸಾಲ ಎತ್ತಿವ್ನಿ. ಮಿಷನ್ನ ಎಲ್ಲಿಂದ ತರ್ಲಿ?’

ಜನ ಸಾಲ ಮಾಡಿ ಕೊಳ್ಳಲಿ, ಕಸುಬು ಬೆಳೆಸಲಿ ಎಂದೇ ದರ ಇಳಿಸುವುದು. ಆದರೆ ನಡು ಬಗ್ಗಿದವರ ಹೆಗಲಿಗೆ ಹಗುರ ಮೂಟೆಯೂ ಭಾರವೇ. ಕಂತು ತಪ್ಪಿದವರನ್ನು ಕಂಡರೆ ಸಾಲ ಕೊಡುವವರೂ ಹಿಂಜರಿಯುತ್ತಾರೆ. ಬಡ್ಡಿ ಇಳಿಸಿದವರು ಈ ಹೊರೆಯನ್ನೂ ಇಳಿಸುವ ದಾರಿ ಹುಡುಕದಿದ್ದರೆ ಮುಂಬೈಯ ತೀರ್ಮಾನ ಈ ಜಗಲಿ ಹತ್ತುವುದಿಲ್ಲ.

ಇನ್ನು ಐದು ದಿನಕ್ಕೆ, ಫೆಬ್ರವರಿ 12ರಂದು, ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ರಾಜ್ಯದಲ್ಲಿ ಬರಲಿದೆ. ಬಾಗಿಲಲ್ಲಿ ನಿಂತು ಮಾನ ಕಳೆಯುವವರಿಗೆ ಅದು ಅಂಕುಶವಾಗಲಿ, ಆಗಲೇಬೇಕು. ಕಾರ್ಡಿನ 2,643 ಮಾತ್ರ ಹಾಗೇ ಇರುತ್ತದೆ.

ಬೈಕಿನ ಸದ್ದು. ಕೈಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ. ಅವಳು ಹುಣಸೆ ಅಂಟಿದ ಬೆರಳಲ್ಲಿ ನೋಟು ಎಣಿಸುತ್ತಾಳೆ. ನಾನೂರು ಕಮ್ಮಿ. ಗುಂಪಿನ ಸಾಲ, ಒಬ್ಬಳು ತಪ್ಪಿದರೆ ಉಳಿದವರು ತುಂಬಬೇಕು. ಆಚೆ ಕೂತಿದ್ದ ಮುದುಕಿ ಏನೂ ಹೇಳದೆ ಸೊಂಟದ ಗಂಟು ಬಿಚ್ಚುತ್ತಾಳೆ. ಅದು ಸಂತೆಗೆಂದು ಇಟ್ಟುಕೊಂಡಿದ್ದ ದುಡ್ಡು.